ಹೊಂಗೆ ನೆರಳಿನ ಪಾಳಿ

ಹರಪನಹಳ್ಳಿಯ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹೊಂಗೆ ಹೂ ಬಿಟ್ಟಿದೆ. ಗೇಟಿನ ಬೋರ್ಡಿನಲ್ಲಿ ಗಿಡಮರಗಳ ಉಪಯೋಗ ಬರೆದಿದ್ದಾರೆ: ಶುದ್ಧ ಗಾಳಿ, ತಂಪು, ಆರೋಗ್ಯ. ನಿದ್ದೆಯ ಹೆಸರಿಲ್ಲ. ಸಕ್ಕರೆ ಇಳಿಸಲು ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ಒಂದು ಸುತ್ತು ಹಾಕಿ ಬೆಂಚು ಹಿಡಿಯುವವಳು. ಇಂದು ಹಾಗೆ ಕೂತಾಗ ಆ ಹೂವಿನ ವಾಸನೆ ಬಂತು ನೋಡಿ, ಕಣ್ಣು ತಾವಾಗಿಯೇ ಮುಚ್ಚಿಕೊಂಡವು.

ನಾನು ಚಿಕ್ಕವಳಿದ್ದಾಗ ಕೊಟ್ಟೂರಿನಲ್ಲಿ ನಮ್ಮದು ತಗಡಿನ ಮನೆ. ಎದುರಿಗೆ ಗಂಗವ್ವನ ಮನೆ, ಅದೂ ತಗಡಿನದೇ. ನಡುವೆ, ಓಣಿಗೆಲ್ಲ ಒಂದೇ ಹೊಂಗೆ ಮರ. ಬೆಳಿಗ್ಗೆ ಅದರ ನೆರಳು ನಮ್ಮ ಅಂಗಳಕ್ಕೆ, ಹೊತ್ತು ತಿರುಗಿದ ಮೇಲೆ ಅವರ ಅಂಗಳಕ್ಕೆ. ಹೀಗಾಗಿ ಬೆಳಿಗ್ಗೆ ಗಂಗವ್ವ ಮೊರ ಹಿಡಿದು ನಮ್ಮಲ್ಲಿಗೆ ಬರುವಳು. ಊಟವಾದ ಮೇಲೆ ನಾವು ಹಗ್ಗದ ಹೊರಸು ಎತ್ತಿಕೊಂಡು ಅವರಲ್ಲಿಗೆ. ನಾನು ಅಂಗಾತ ಮಲಗಿ, ಎಲೆಗಳ ಸಂದಿನಿಂದ ಇಳಿಯುವ ಬೆಳಕನ್ನು ನೋಡುತ್ತ ನೋಡುತ್ತ, ನಿದ್ದೆಯೋ ಎಚ್ಚರವೋ ತಿಳಿಯದ ಒಂದು ಊರಿಗೆ ಹೋಗಿಬಿಡುತ್ತಿದ್ದೆ. ಅಲ್ಲಿ ದೊಡ್ಡವರ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ಮುಖದ ಮೇಲೆ ಹೂ ಉದುರುತ್ತಿದ್ದವು. ಅಂಥ ನಿದ್ದೆ ಆಮೇಲೆ ಯಾವ ಫ್ಯಾನಿನ ಕೆಳಗೂ ಸಿಕ್ಕಿಲ್ಲ.

ಒಂದು ಬೇಸಿಗೆ, ನಲ್ಲಿಯ ಪಾಳಿಯಲ್ಲಿ ಯಾರೋ ಯಾರದೋ ಕೊಡ ಸರಿಸಿದರು. ಅವ್ವ, ಗಂಗವ್ವ ಮಾತು ಬಿಟ್ಟರು. ಬೆಳಿಗ್ಗೆ ಗಂಗವ್ವ ತನ್ನ ಮನೆಯೊಳಗೆ ಬೇಯುವಳು, ಮಧ್ಯಾಹ್ನ ಅವ್ವ ನಮ್ಮ ಮನೆಯೊಳಗೆ. ಅವ್ವ ಆಗ ತುಂಬು ಬಸುರಿ. ಕಾಲು ಬಾತಿದ್ದವು. ಹಸಿ ಬಟ್ಟೆ ಹೊದ್ದು ನೆಲದ ಮೇಲೆ ಹೊರಳಾಡುವಳೇ ಹೊರತು ಹೊಸ್ತಿಲು ದಾಟಳು. ಅವಳಿಗೆ ಏನಾದರೂ ಆದೀತೆಂದು ನನಗೆ ಹೆದರಿಕೆ.

ಒಂದು ಮಧ್ಯಾಹ್ನ ಗಂಗವ್ವ ನೇರ ಒಳಗೆ ಬಂದಳು. ಅವ್ವನ ಕಡೆ ನೋಡಲಿಲ್ಲ. ಹೊರಸು ಎಳೆಯುತ್ತ ನನಗೆ ಹೇಳಿದಳು:

"ಏ ಹುಡುಗಿ, ನಿಮ್ಮವ್ವಗ ಹೇಳು. ಸಿಟ್ಟು ನನ್ನ ಮ್ಯಾಲ ಇರಲಿ, ಗಿಡದ ಮ್ಯಾಲ ಯಾಕ?"

ಅವ್ವ ಗೋಡೆಯ ಕಡೆ ತಿರುಗಿದಳು. "ಮೊದ್ಲು ಕೊಡ ಸರಿಸಿದಾಕಿ ಯಾರಂತ ಕೇಳು ಆಕೀನ."

"ನಾನಽ ಸರಿಸೀನಿ ಅನ್ನು. ಹೊಟ್ಯಾಗಿನ ಕೂಸು ಏನ್ ಮಾಡೇತಿ? ಏಳಂತ ಹೇಳು."

ನಾನು ಒಂದು ಮಾತನ್ನೂ ದಾಟಿಸಬೇಕಾಗಲಿಲ್ಲ. ಅವ್ವ ಎದ್ದಳು. ಅಂದು ಅವಳು ಬಾಯಿ ತೆರೆದು ನಿದ್ದೆ ಹೋದದ್ದು, ಗಂಗವ್ವ ಪಕ್ಕದಲ್ಲಿ ಕೂತು ಅವಳ ಹೊಟ್ಟೆಯ ಮೇಲೆ ಬಿದ್ದ ಹೂಗಳನ್ನು ಒಂದೊಂದಾಗಿ ಆರಿಸುತ್ತಿದ್ದದ್ದು ಈಗಲೂ ಕಾಣುತ್ತದೆ. ನೆನೆದರೆ ಅಳು ಬರುತ್ತದೆ.

ಕಣ್ಣು ತೆರೆದೆ. ಪಾರ್ಕಿನ ಸಿಮೆಂಟ್ ಬೆಂಚುಗಳು ನಮ್ಮ ಹೊರಸಿನ ಹಾಗೆ ನೆರಳಿನ ಹಿಂದೆ ಹೋಗುವುದಿಲ್ಲ. ಎದುರಿನ ಬೆಂಚಿನಲ್ಲಿ ಪಕ್ಕದ ಮನೆಯ ಶಾರದಮ್ಮ ಇಳಿಬಿಸಿಲಿಗೆ ಸೆರಗು ಅಡ್ಡ ಹಿಡಿದು ಕೂತಿದ್ದರು. ಸ್ಕೂಟಿ ನಿಲ್ಲಿಸುವ ಜಾಗಕ್ಕೆ ಜಗಳವಾಗಿ ನಾವು ಮಾತಾಡಿ ತಿಂಗಳುಗಳಾಗಿವೆ. ತಪ್ಪು ಅವರದೇ ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಅವರ ಮೊಮ್ಮಗಳು ನನ್ನ ಕಾಲ ಬಳಿ ಹೂ ಆರಿಸುತ್ತಿದ್ದಳು.

"ಪುಟ್ಟಿ," ಎಂದೆ, "ನಿಮ್ಮಜ್ಜಿಗೆ ಹೇಳು, ನೆರಳು ಈ ಕಡಿಗೆ ಐತಿ."

ಶಾರದಮ್ಮ ಬೇರೆಲ್ಲೋ ನೋಡುತ್ತ ಗಟ್ಟಿಯಾಗಿ ಮಗುವಿಗೆ ಹೇಳಿದರು: "ಒಂಚೂರು ಸರೀರಿ ಅಂತ ಹೇಳಮ್ಮ ಅವ್ರಿಗೆ."

ಮಗು ನನ್ನ ಕಡೆ ತಿರುಗುವ ಮೊದಲೇ ನಾನು ಸರಿದು ಕೂತಿದ್ದೆ.