ಮುಷ್ಟಿಯೊಳಗಿನ ಬೀಗದಕೈ

ಹಿನಕಲ್‌ನ ನಮ್ಮ ಮನೆ ಗೋಡೆಯ ವಿಚಾರಕ್ಕೆ ದಾಯಾದಿಗಳು ಕೇಸು ಹಾಕಿ ನನ್ನನ್ನು ಜೈಲಿಗೆ ಕಳಿಸಿದಾಗ ನನಗಿದ್ದದ್ದು ಕೈದಿಗಳ ಭಯವಲ್ಲ, ಮೂರ್ಛೆಯ ಭಯ. ಚಿಕ್ಕಂದಿನಿಂದ ಇರುವ ಕಾಯಿಲೆ. ಮಾತ್ರೆ ತಪ್ಪಿದರೆ ಬೀಳುತ್ತೇನೆ. ಒಳಗೆ ಹೋದ ದಿನವೇ ಡಾಕ್ಟರಿಗೆ ಹೇಳಿದ್ದೆ, ಅವರು ಬರೆದುಕೊಟ್ಟೂ ಇದ್ದರು. ಮಾತ್ರೆ ಮಾತ್ರ "ನಾಳೆ ಬರುತ್ತೆ". ಅಮ್ಮ ತಂದದ್ದನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಪ್ರತಿ ಬೆಳಿಗ್ಗೆ ಕಣ್ಣು ಬಿಟ್ಟಾಗ, ಇವತ್ತೇ ಬೀಳಬಹುದು ಎಂದುಕೊಳ್ಳುತ್ತಿದ್ದೆ.

ನಮ್ಮ ಬ್ಯಾರಕ್ಕಿನಲ್ಲಿ ಶಿಕ್ಷೆಯಾದವರು ಒಬ್ಬರೂ ಇರಲಿಲ್ಲ. ಎಲ್ಲರೂ ವಿಚಾರಣೆಗೆ ಕಾಯುವವರು, ಬಹುಪಾಲು ಮೀಸೆ ಚಿಗುರಿದ ಹುಡುಗರು. ಒಬ್ಬ ಕುಡಿತ ಸಿಗದೆ ನಡುಗುತ್ತಾ ಗೋಡೆಯ ಜೊತೆ ಮಾತಾಡುತ್ತಿದ್ದ. ಇನ್ನೊಬ್ಬನಿಗೆ ಮೈಯೆಲ್ಲ ಕಜ್ಜಿ. ಪಕ್ಕದ ಚಾಪೆಯ ಅಜ್ಜನಿಗೆ ಕೆಮ್ಮು. ಅವನಿಗೆ ನನ್ನ ಭಯ ಹೇಳಿಕೊಂಡೆ.

"ಹೆದರ್ಬೇಡ ಕಣಪ್ಪ. ಬಿದ್ರೆ ಕೈಗೆ ಕಬ್ಬಿಣ ಕೊಡ್ತೀವಿ, ಸರಿಯೋಗ್ಬುಡುತ್ತೆ."

ಇನ್ನಷ್ಟು ಹೆದರಿದೆ. ಎಲ್ಲರೂ ನಂಬುವ ಮದ್ದು ಅದು. ಮದ್ದೇ ಅಲ್ಲವೆಂದು ಬಿದ್ದವನಿಗಷ್ಟೇ ಗೊತ್ತು.

ಒಂದು ಮಧ್ಯಾಹ್ನ ಊಟ ಮುಗಿದು ಬೀಗ ಹಾಕಿದ ಮೇಲೆ ಬಿದ್ದೆ. ಮುಂದಿನದೆಲ್ಲ ಅಜ್ಜ ಹೇಳಿದ್ದು. ಎಲ್ಲರೂ "ಕಬ್ಬಿಣ, ಕಬ್ಬಿಣ" ಎಂದು ಕೂಗಿದರಂತೆ. ಕೈದಿಯ ಹತ್ತಿರ ಕಬ್ಬಿಣ ಎಲ್ಲಿಂದ ಬರಬೇಕು? ತಟ್ಟೆಯೂ ಅಲ್ಯೂಮಿನಿಯಂ. ಹೊರಗಿದ್ದ ವಾರ್ಡರ್ ಗಾಬರಿಯಲ್ಲಿ ತಮ್ಮ ಬೀಗದಕೈ ಗೊಂಚಲನ್ನೇ ಸರಳಿನ ಸಂದಿಯಿಂದ ಒಳಗೆ ಕೊಟ್ಟರು. ನನ್ನ ಮುಷ್ಟಿ ಬಿಗಿಯಿತು. ಆಸ್ಪತ್ರೆಗೆ ಒಯ್ಯಲು ಸ್ಟ್ರೆಚರ್ ಬಂದು ಬಾಗಿಲಲ್ಲಿ ನಿಂತಿತು. ಆ ಬಾಗಿಲಿನ ಬೀಗದಕೈ ನನ್ನ ಕೈಯಲ್ಲಿ! ಬೆರಳು ಬಿಡಿಸಲು ಹೋದವನನ್ನು ಉಳಿದವರು ತಡೆದರು: "ಬುಡುಸ್ಬೇಡ್ರೋ, ಸತ್ತೋಯ್ತಾನೆ!" ಕೊನೆಗೆ ಮೈ ಸಡಿಲವಾಗಿ ಗೊಂಚಲು ತಾನೇ ಜಾರಿತಂತೆ.

ಆಸ್ಪತ್ರೆಯಿಂದ ಮರಳಿದ ಮೇಲೆ ನನ್ನ ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಪುಣ್ಯವಂತ ನೀನು ಎಂದ ಅಜ್ಜ.

"ನೀನು ದಬಾರಂತ ಬಿದ್ದೆ, ಬಂದು ನೋಡುದ್ರು. ನಂದು ಒಳಗೊಳಗೇ ಕಣಪ್ಪ."

ಹಾಗೆಂದು ಕೆಮ್ಮಿ, ಟವೆಲಿನಿಂದ ಬಾಯಿ ಒರೆಸಿಕೊಂಡ. ಟವೆಲಿನ ತುದಿ ಕೆಂಪಾಯಿತು. ನಾನು ಸರಳು ಹಿಡಿದು ವಾರ್ಡರನ್ನು ಕೂಗಿದೆ. ಅವರು ಬೀಗದಕೈ ಗೊಂಚಲನ್ನು ಸೊಂಟಕ್ಕೆ ಅವುಚಿಕೊಂಡು ದೂರದಲ್ಲೇ ನಿಂತರು.

"ಮತ್ತೆ ಬಂತೇನೋ ನಿಂಗೆ?"