ಮೋತ್ಯಾನ ಉಪವಾಸ

ಯಡ್ರಾವದ ನಮ್ಮ ಓಣಿಯಲ್ಲಿ ಹೀರಾಬಾಯಿಯ ಬಾಯಿಗೆ ಹೆದರದವರಿಲ್ಲ. ಹುಪರಿಯಿಂದ ಸೊಸೆಯಾಗಿ ಬಂದಾಗ ಮೆಲ್ಲಗೆ ಮಾತಾಡುತ್ತಿದ್ದಳಂತೆ, ನಾನು ನಂಬುವುದಿಲ್ಲ. ಗಂಡ ಬೇಗ ತೀರಿಕೊಂಡ. ಮಗನನ್ನು ಸಾಕಲು ಮಗ್ಗದ ಶೆಡ್ಡಿನಲ್ಲಿ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುತ್ತ ಅರ್ಧ ಆಯುಷ್ಯ ಕಳೆದಳು. ಆ ಖಟಖಟದಲ್ಲಿ ಕೂಗಿದರಷ್ಟೇ ಮಾತು ಕೇಳುವುದು. ಹಾಗಾಗಿ ‘ಚಹಾ ಕುಡೀತೀಯೇನು’ ಎಂದು ಕೇಳಿದರೂ ಜಗಳಕ್ಕೆ ಕರೆದ ಹಾಗೆಯೇ ಇರುತ್ತದೆ. ನೀರು ಬಿಡುವವನು, ಹಾಲಿನವನು, ಅಳತೆಯಲ್ಲಿ ಕೈಚಳಕ ತೋರಿಸುವ ಅಂಗಡಿಯವನು, ಎಲ್ಲರೂ ಬೈಸಿಕೊಂಡವರೇ. ಎದುರು ಮನೆಯವಳಾದ ನನ್ನ ಪಾಲು ಎಲ್ಲರಿಗಿಂತ ಹೆಚ್ಚು.

ತನ್ನ ಬಾಯಿ ಪಾಪ ಕಟ್ಟಿಕೊಳ್ಳುತ್ತಿದೆ ಎಂದು ಅವಳಿಗೂ ಗೊತ್ತು. ಆದ್ದರಿಂದ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತೆಂದರೆ ಹತ್ತೂ ದಿನ ಮೌನ. ಆಗ ಜೈನರ ಮನೆಗಳಲ್ಲಿ ಕೆಲವರು ಒಪ್ಪತ್ತು ಉಣ್ಣುತ್ತಾರೆ, ಕೆಲವರು ಬರೀ ನೀರಿನ ಮೇಲಿರುತ್ತಾರೆ. ಇವಳು ಒಪ್ಪತ್ತಿನ ಜೊತೆಗೆ ಬಾಯಿಯನ್ನೂ ಕಟ್ಟುತ್ತಾಳೆ. ಬರೆದು ತೋರಿಸುವುದೂ ಮಾತೇ ಎಂಬ ಹಠ ಬೇರೆ. ಓಣಿಗೆಲ್ಲ ಹತ್ತು ದಿನ ಸುಖ. ಹೋದ ವರ್ಷ ಆ ಸುಖವೇ ಮೋತ್ಯಾನ ಜೀವಕ್ಕೆ ಮುಳುವಾಯಿತು.

ಮೋತ್ಯಾ ಅವಳ ನಾಯಿ. ಮರಿಯಾಗಿದ್ದಾಗ ಶೆಡ್ಡಿನ ಹಿಂದಿನ ಗಟಾರದಲ್ಲಿ ಸಿಕ್ಕಿದ್ದನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. ಜೈನರ ಪದ್ಧತಿಯಂತೆ ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಮೋತ್ಯಾನೂ ಬೆಳಕಿರುವಾಗಲೇ ಹಾಲು ರೊಟ್ಟಿ ಮುಗಿಸಿ ಹೊಸ್ತಿಲ ಮೇಲೆ ಮಲಗುತ್ತಿತ್ತು. ‘ಹಿಂದಿನ ಜನ್ಮದಾಗ ಇದು ಶ್ರಾವಕ ಇತ್ತು ನೋಡ್ರಿ’ ಎಂದು ಜನ ನಗುತ್ತಿದ್ದರು.

ಪರ್ವ ಶುರುವಾದ ಮೇಲೆ ಒಂದು ಸಂಜೆ ಮೋತ್ಯಾ ತಟ್ಟೆ ಮೂಸಿ ಹಿಂದೆ ಸರಿಯಿತು. ಮರುದಿನವೂ ಅಷ್ಟೇ. ಹೀರಾಬಾಯಿಯ ಮಗ ಶ್ರೇಣಿಕ ಓಣಿಯ ತರುಣ ಮಂಡಳದ ಅಧ್ಯಕ್ಷ. ಅವನ ಬುದ್ಧಿಗಿಂತ ಅವನ ಫೋನು ದೊಡ್ಡದು. ‘ನಮ್ಮ ಮೋತ್ಯಾನೂ ಉಪವಾಸ ಹಿಡದಾನ’ ಎಂದು ಬರೆದು ಫೋಟೋ ಹಾಕಿಬಿಟ್ಟ. ಸಂಜೆಗೆ ಬಾಗಿಲ ತುಂಬ ಜನ. ಕೈ ಮುಗಿಯುವವರು, ಹಣೆಗೆ ಗಂಧ ಹಚ್ಚುವವರು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸೆಲ್ಫಿ ತೆಗೆಯುವವರು. ನಮ್ಮ ಲಿಂಗಾಯತರೂ ಹಿಂದೆ ಬೀಳಲಿಲ್ಲ. ಮೂರ್ಖತನದಲ್ಲಿ ಎರಡೂ ಸಮಾಜ ಸರಿಸಮ. ಮಂಡಳದವರು ಓಣಿಯ ಬಾಯಿಗೆ ಆಳೆತ್ತರದ ಡಿಜಿಟಲ್ ಬ್ಯಾನರ್ ಕಟ್ಟಿದರು: ನಡುವೆ ಮೋತ್ಯಾ, ಮೇಲೆ ‘ತಪಸ್ವಿ’, ಸುತ್ತಲೂ ಕಪ್ಪು ಕನ್ನಡಕದ ಹುಡುಗರ ಮುಖಗಳು. ನಾಯಿಗಿಂತ ಅವರ ಮುಖಗಳೇ ದೊಡ್ಡವು.

ಆ ದಿನಗಳೆಲ್ಲ ಹೀರಾಬಾಯಿ ಚಡಪಡಿಸುತ್ತಿದ್ದಳು. ಬಂದವರಿಗೆ ನಾಯಿಯ ತುಟಿ ಎತ್ತಿ ಒಸಡು ತೋರಿಸಿದಳು. ಅದಕ್ಕೂ ಕೈ ಮುಗಿದರು. ಅದರ ಕಿವಿ ಮುಟ್ಟಿ ತನ್ನ ಹಣೆ ಬಡಿದುಕೊಂಡಳು; ಭಕ್ತಿ ಉಕ್ಕಿ ಬಂದಿದೆ ಎಂದರು. ಮಗನ ಅಂಗಿ ಹಿಡಿದು ಎಳೆದಳು. ಅವನು, “ಅವ್ವಾ, ನೀನೂ ಬಾ ಫೋಟೋದಾಗ,” ಎಂದು ಅವಳನ್ನೇ ನಾಯಿಯ ಪಕ್ಕ ಕೂರಿಸಿದ. ಕೊನೆಗೆ ಒಂದು ಮಧ್ಯಾಹ್ನ ಅವಳು ನನ್ನ ಕೈ ಎಳೆದೊಯ್ದು ಮೋತ್ಯಾನ ಕಿವಿಯ ಮೇಲಿಟ್ಟಳು. ಕಾದ ಹಂಚು ಮುಟ್ಟಿದ ಹಾಗಾಯಿತು. ಒಸಡು ನೋಡಿದೆ, ಸುಣ್ಣ ಬಳಿದಂತೆ ಬೆಳ್ಳಗಿತ್ತು.

“ಶ್ರೇಣಿಕ, ಇದಕ್ಕ ಆರಾಮ ಇಲ್ಲೋ. ದವಾಖಾನಿಗೆ ಒಯ್ಯೂಣು ನಡಿ,” ಎಂದೆ.

“ಕಾಕೂ, ಪರ್ವ ಮುಗೀಲಿ. ಎಲ್ಲಾರ ಮುಂದ ಪಾರಣೆ ಮಾಡಸೂದೈತಿ. ಈಗ ಸೂಜಿ ಚುಚ್ಚಿಸಿ ಅದರ ವ್ರತಾ ಕೆಡಸಬ್ಯಾಡ್ರಿ,” ಎಂದ.

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಷ್ಟರಲ್ಲಿ ಮೋತ್ಯಾ ಸೀನಿತು. ಮೂಗಿನಿಂದ ರಕ್ತ ಇಳಿದು ಯಾರೋ ಮುಂದಿಟ್ಟಿದ್ದ ಅಕ್ಕಿಯ ಮೇಲೆ ಬಿತ್ತು. “ತಪದ ಕಾವು,” ಎಂದ ಒಬ್ಬ ಮಹಾನುಭಾವ.

ಆಗ ಹೀರಾಬಾಯಿ ಬಾಯಿ ಬಿಟ್ಟಳು.

“ಕಾವಂತ ಕಾವು! ನಿಮ್ಮ ಬಾಯಾಗ ಮಣ್ಣ ಹಾಕ! ಅದಕ್ಕ ಜ್ವರ ಬಂದಾವ. ಉಪವಾಸ ಅಂದ್ರ ಉಣ್ಣಾಕ ಆಗೂವ್ರು ಒಲ್ಲೆ ಅನ್ನೂದು. ಇದಕ್ಕ ಉಣ್ಣಾಕ ಆಗವಲ್ದು! ಏಳ್ರಿ ಇಲ್ಲಿಂದ!”

“ಹೀರಾಕಾಕೂ, ಮೌನ ಮುರೀತಲ್ರಿ,” ಎಂದಿತು ಹಿಂದಿನಿಂದ ಒಂದು ದನಿ.

“ಮುರೀಲಿ! ಮೊದಲ ದಿನಾನ ಮುರೀಬೇಕಾಗಿತ್ತು. ಸಾವಿತ್ರವ್ವ, ರಿಕ್ಷಾ ಕರಿ,” ಎಂದು ನನ್ನ ಕಡೆ ತಿರುಗಿದಳು.

ಇಚಲಕರಂಜಿಯ ನಾಯಿ ಡಾಕ್ಟರು ಕಾಜಲ ಎಂಬ ಹೆಣ್ಣುಮಗಳು. ಮೋತ್ಯಾನ ಕಿವಿ ಮಗುಚಿ ತೋರಿಸಿದಳು. ಒಳಗೆ ಉಣ್ಣಿಗಳು ಅವರೆಕಾಳಿನಂತೆ ಉಬ್ಬಿ ಕೂತಿದ್ದವು. ಅವಳಿಗೂ ಸಿಟ್ಟು ಬಂದಿತ್ತು, ಬರಬೇಕಾದ್ದೇ.

“ಇವು ಕಚ್ಚಿ ಬಂದ ಜ್ವರ ಇದು. ಮೈಯಾಗ ರಕ್ತಾನ ಉಳಿದಿಲ್ಲ. ನಾಯಿ ಒಂದು ದಿನ ಉಣ್ಣಲಿಲ್ಲಂದ್ರ ಗಮನಾ ಇಡಬೇಕ್ರಿ, ಮರುದಿನಾನೂ ಒಲ್ಲೆ ಅಂತಂದ್ರ ಕರಕೊಂಡ ಬರಬೇಕು. ಒಸಡು ಬೆಳ್ಳಗಾದ್ರ, ಮೂಗಿನಾಗ ರಕ್ತ ಬಂದ್ರ ಆ ಗಳಿಗೀನ ಬರಬೇಕು. ಲಗೂನ ಬಂದಿದ್ರ ಗುಳಿಗಿ ಮ್ಯಾಲ ಆರಾಮ ಆಗ್ತಿತ್ತು. ಇಷ್ಟು ದಿನಾ ಎಲ್ಲಿದ್ರಿ ನೀವು?”

“ಬಾಯಿ ಮುಚಗೊಂಡು ಕುಂತಿದ್ದೆರಿ,” ಎಂದಳು ಹೀರಾಬಾಯಿ. “ಪುಣ್ಯಾ ಗಳಸಾಕತ್ತಿದ್ದೆ.”

ಸಲೈನು, ಸೂಜಿ ಎಲ್ಲ ಆಯಿತು. ರಕ್ತ ಕೊಡಿಸಬೇಕು, ನಾಳೆ ಬೆಳಿಗ್ಗೆ ಇನ್ನೊಂದು ನಾಯಿಯನ್ನು ಹುಡುಕಿ ತನ್ನಿ, ಅಲ್ಲಿಯವರೆಗೆ ತಿಂದರೆ ಮೆತ್ತಗಿನದು ಏನಾದರೂ ತಿನ್ನಿಸಿ ಎಂದು ಡಾಕ್ಟರು ಕಳಿಸಿದಳು. ಮನೆಗೆ ಬರುವಾಗ ಹೊತ್ತು ಮುಳುಗಿತ್ತು. ಆ ಮನೆಯಲ್ಲಿ ಕತ್ತಲಾದ ಮೇಲೆ ಒಲೆ ಹತ್ತಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಹೀರಾಬಾಯಿ ಹಾಲು ಬಿಸಿ ಮಾಡಿ, ರೊಟ್ಟಿ ಕಿವುಚಿ, ಮೋತ್ಯಾನ ಮೂಗಿನ ಹತ್ತಿರ ಹಿಡಿದಳು. ಅದು ಕಣ್ಣು ತೆರೆಯಿತು. ಕತ್ತು ಚಾಚಿ ಅವಳ ಬೆರಳಿನಿಂದ ತುತ್ತು ತೆಗೆದುಕೊಂಡಿತು. “ತಿಂತು ನೋಡ ಸಾವಿತ್ರವ್ವ, ತಿಂತು!” ಎಂದು ಹೀರಾಬಾಯಿ ಗಳಗಳ ಅತ್ತಳು. ನಾನೂ ಅತ್ತೆ.

ಬೆಳಿಗ್ಗೆ ಮೋತ್ಯಾ ಹೊಸ್ತಿಲ ಮೇಲೆ ಸತ್ತು ಬಿದ್ದಿತ್ತು.

ಸುದ್ದಿ ಹಬ್ಬಿದ್ದೇ ತಡ ಮಂಡಳದವರು ಹೂವು ಕಟ್ಟಿದ ಕೈಗಾಡಿ ತಂದರು. ಹಳೆಯ ಬ್ಯಾನರ್ ಇಳಿದು ಹೊಸದು ಏರಿತ್ತು. ಜೈನರ ದೊಡ್ಡ ದೊಡ್ಡ ತ್ಯಾಗಿಗಳು ತಾವಾಗಿಯೇ ಅನ್ನ ಬಿಟ್ಟು ದೇಹ ಬಿಡುವುದಕ್ಕೆ ಇರುವ ಹೆಸರು ‘ಸಮಾಧಿ ಮರಣ’. ಅದನ್ನೇ ಈ ನಾಯಿಯ ಫೋಟೋದ ಕೆಳಗೆ ಬರೆಸಿದ್ದರು. ನನ್ನ ಧರ್ಮವಲ್ಲ, ಆದರೂ ನನ್ನ ಮೈ ಉರಿಯಿತು. ಧರ್ಮವನ್ನೂ ಬಿಡಲಿಲ್ಲ, ನಾಯಿಯನ್ನೂ ಬಿಡಲಿಲ್ಲ ಈ ಜನ.

ಹೀರಾಬಾಯಿ ಯಾರ ಕಡೆಗೂ ನೋಡದೆ ಒದ್ದೆ ಬಟ್ಟೆಯಿಂದ ಮೋತ್ಯಾನ ಮೂಗಿನ ರಕ್ತ ಒರೆಸುತ್ತಿದ್ದಳು. ಬಾಯಿ ಒರೆಸಲು ದವಡೆ ಬಿಡಿಸಿದವಳು ಹಾಗೇ ನಿಂತುಬಿಟ್ಟಳು. ಬೆರಳು ಹಾಕಿ ಏನನ್ನೋ ಹೊರಗೆ ತೆಗೆದಳು. ಅಂಗೈಯಲ್ಲಿ ಅದನ್ನು ಹಿಡಿದುಕೊಂಡು, ದೊಡ್ಡ ಹಾರ ಹಿಡಿದು ನಿಂತಿದ್ದ ಮಗನ ಮುಂದೆ ಬಂದಳು.

“ಶ್ರೇಣ್ಯಾ, ನಿನ್ನ ತಪಸ್ವಿ ಬಾಯಾಗ ಇದು ಇತ್ತು. ನಿನ್ನೆ ನಾ ಕೊಟ್ಟ ತುತ್ತು. ನುಂಗಾಕ ಶಕ್ತಿ ಇರಲಿಲ್ಲ, ಉಗಳಾಕ ಮನಸ್ಸಾಗಲಿಲ್ಲ. ಹಿಡಕೊಂಡ ಸತ್ತೈತಿ. ಈಗ ಹೇಳು, ಯಾರ ಉಪವಾಸ ಇದು?”

ಹೀರಾಬಾಯಿ ಮಗನ ಕೈಯಿಂದ ಹಾರ ಕಿತ್ತು ಗಟಾರಕ್ಕೆ ಎಸೆದು, ಖಾಲಿಯಾದ ಆ ಕೈಯಲ್ಲಿ ರೊಟ್ಟಿಯ ತುತ್ತನ್ನಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.