ಲಿಫ್ಟ್ ಮಾಮನ ಚದರ ಕಿಲೋಮೀಟರು
ಏಳು ಅಂತಸ್ತಿನ ಆ ಕಚೇರಿಯಲ್ಲಿ ಲಿಫ್ಟ್ ನಡೆಸುವವನನ್ನು ಎಲ್ಲರೂ ‘ಲಿಫ್ಟ್ ಮಾಮ’ ಎನ್ನುತ್ತಿದ್ದರು. ಎಂಟು ಜನರ ಪೆಟ್ಟಿಗೆಯಲ್ಲಿ ಹನ್ನೊಂದು ಜನರನ್ನು ತುಂಬಿ, “ಸ್ವಲ್ಪ ಹೊಟ್ಟೆ ಒಳಗೆಳ್ಕೊಳ್ಳಿ, ಬಾಗಿಲು ಹಾಕ್ತೀನಿ” ಎನ್ನುವುದು ಅವನ ನಿತ್ಯದ ಮಂತ್ರ. ಪೇಪರಿನಲ್ಲಿ ಜನಸಾಂದ್ರತೆಯ ಸುದ್ದಿ ಓದಿದಂದಿನಿಂದ ಮಾತ್ರ ಅವನ ತಲೆ ಗಿರ್ರೆನ್ನುತ್ತಿತ್ತು. ಹತ್ತಿದವರನ್ನೆಲ್ಲ ಕೇಳುತ್ತಿದ್ದ: “ಚದರ ಕಿಲೋಮೀಟರಿಗೆ ಬಾಂಗ್ಲಾದೇಶದಲ್ಲಿ ಸಾವಿರಕ್ಕೂ ಮೇಲೆ ಜನ, ಮಂಗೋಲಿಯಾದಲ್ಲಿ ಇಬ್ಬರೇ ಅಂತೆ. ಆ ಇಬ್ಬರಿಗೂ ಜಗಳ ಹತ್ತಿದ್ರೆ ಬಿಡಿಸೋರು ಯಾರು ಸಾರ್?” “ಅದು ಸರಾಸರಿ ಕಣಯ್ಯಾ” ಎಂದರು ಮೂರನೇ ಮಹಡಿಯ ಗುಮಾಸ್ತರು. “ಅಲ್ಲೂ ಹತ್ತಿರ ಹತ್ತಿರ ಅರ್ಧ ಜನ ಒಂದೇ ಪಟ್ಟಣದಲ್ಲಿ ಒತ್ಕೊಂಡಿದಾರೆ.” ಅಷ್ಟು ದೊಡ್ಡ ಬಯಲು ಬಿಟ್ಟು ಯಾಕೆ ಹಾಗೆ ಎಂಬುದು ಅವನಿಗೆ ಬಗೆಹರಿಯಲೇ ಇಲ್ಲ. ಅವನ ಮನೆಯೋ ಒಂದೇ ಕೋಣೆ, ಒಂಬತ್ತು ಜನ. ಕಳೆದ ರಜೆಯ ದಿನ ಉಳಿದವರೆಲ್ಲ ಮದುವೆಗೆ ಹೋದಾಗ, ಮಧ್ಯಾಹ್ನ ಕೋಣೆಯ ನಟ್ಟನಡುವೆ ಚಾಪೆ ಹಾಸಿ ಕೈಕಾಲು ಚಾಚಿ ಮಲಗಿದ. ನಿದ್ದೆ ಹತ್ತಿರ ಸುಳಿಯಲಿಲ್ಲ. ಚಾಪೆಯನ್ನು ಗೋಡೆಗೆ ಎಳೆದು, ಮಗ್ಗುಲಾಗಿ ಮೊಣಕಾಲು ಮಡಚಿ, ಬೆನ್ನಿಗೆ ಮಕ್ಕಳ ದಿಂಬುಗಳನ್ನು ಒತ್ತಿಟ್ಟುಕೊಂಡ ಮೇಲೆಯೇ ಕಣ್ಣು ಹತ್ತಿದ್ದು. ಸಂಜೆ ಎಲ್ಲರಿಗಿಂತ ಮೊದಲು ಒಳಗೆ ಬಂದ ಹೆಂಡತಿ, “ಇಷ್ಟು ಜಾಗ ಇಟ್ಕೊಂಡು ಇದೇನ್ರೀ ಮೂಲೇಲಿ?” ಎಂದಳು. “ಅದೇ ಗೊತ್ತಾಗ್ತಿಲ್ಲ ಕಣೇ” ಎಂದವನು, ಇನ್ನಷ್ಟು ಗೋಡೆಗೆ ಸರಿದು, ಅವಳು ಕೂರಲೆಂದು ಪಕ್ಕದಲ್ಲೇ ಗೇಣು ಜಾಗ ಮಾಡಿದ.